ಮಂಗಳನ ಗಾಳಿಗೊಂದು ಸವಕಳಿ ಲೆಕ್ಕ

ನಮ್ಮ ನಾನಾ ಹತ್ತಿರ ಒಂದು ಹಳೆಯ ರೇಡಿಯೋ ಇದೆ. ಮೊದಲೆಲ್ಲ ರಾತ್ರಿ ಶಾರ್ಟ್ ವೇವ್ ತಿರುಗಿಸಿ ದೆಹಲಿಯ ಉರ್ದು ಸರ್ವಿಸ್ ಕೇಳುತ್ತಿದ್ದರಂತೆ. "ಅಷ್ಟು ದೂರದ ದನಿ ನಮ್ಮೂರಿಗೆ ಹೇಗೆ ಬರುತ್ತಿತ್ತು ನಾನಾ?" ಎಂದು ಕೇಳಿದೆ. "ಆಸ್ಮಾನಿಗೆ ತಾಗಿ ವಾಪಸ್ ಬರುತ್ತದೆ ಬೇಟಾ" ಎಂದರು. ನನಗೆ ನಗು ಬಂತು. ಆಮೇಲೆ ಲೈಬ್ರರಿಯಲ್ಲಿ ಓದಿದಾಗ ನಾನಾ ಹೇಳಿದ್ದೇ ಸರಿ ಎಂದು ಗೊತ್ತಾಯಿತು.

ಸೂರ್ಯನ ಅತಿನೇರಳೆ ಕಿರಣಗಳು ವಾತಾವರಣದ ಮೇಲಿನ ಪದರದಲ್ಲಿರುವ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತವೆ. ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವೇ ಅಯಾನು. ಅಯಾನು ಮತ್ತು ಎಲೆಕ್ಟ್ರಾನ್ ಬೆರೆತ ಅನಿಲಕ್ಕೆ ಪ್ಲಾಸ್ಮಾ ಎಂದೂ ಆ ಪದರಕ್ಕೆ ಅಯಾನುಗೋಳ ಎಂದೂ ಹೆಸರು. ಶಾರ್ಟ್ ವೇವ್ ಅಲೆಗಳನ್ನು ಕೆಳಕ್ಕೆ ಹಿಂತಿರುಗಿಸುವುದು ಇದೇ.

ಮಂಗಳ ಗ್ರಹಕ್ಕೂ ಅಯಾನುಗೋಳ ಇದೆ. ಅದನ್ನು ಮೊದಲು ಅಳೆದದ್ದೂ ರೇಡಿಯೋ ಅಲೆಗಳಿಂದಲೇ. 1965ರ ಜುಲೈನಲ್ಲಿ ಅಮೆರಿಕದ ಮ್ಯಾರಿನರ್ 4 ನೌಕೆ ಮಂಗಳನ ಹಿಂದೆ ಮರೆಯಾಗುವಾಗ ಅದರ ರೇಡಿಯೋ ಸಂಕೇತ ಅಲ್ಲಿನ ವಾತಾವರಣವನ್ನು ಹಾದು ಬಂತು. ಸಂಕೇತದಲ್ಲಾದ ಸಣ್ಣ ಬದಲಾವಣೆಯಿಂದ, ಸುಮಾರು 120 ಕಿ.ಮೀ. ಎತ್ತರದಲ್ಲಿ ಎಲೆಕ್ಟ್ರಾನ್‌ಗಳು ದಟ್ಟವಾಗಿವೆ ಎಂದು ತಿಳಿಯಿತು. ಆದರೆ ನೆಲದ ಮೇಲಿನ ಗಾಳಿಯ ಒತ್ತಡ ನಮ್ಮ ಭೂಮಿಯ ನೂರನೇ ಒಂದು ಭಾಗದಷ್ಟೂ ಇಲ್ಲ.

ಅದೇ ಮಂಗಳನಲ್ಲಿ ಒಣಗಿದ ನದಿಪಾತ್ರಗಳಿವೆ. ನೀರು ಹರಿಯಲು ದಟ್ಟ ಗಾಳಿ ಬೇಕು. ಹಾಗಾದರೆ ಆ ಗಾಳಿ ಎಲ್ಲಿ ಹೋಯಿತು?

ಸೂರ್ಯನಿಂದ ಪ್ಲಾಸ್ಮಾ ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಸದಾ ಹೊರಬರುತ್ತಿರುತ್ತದೆ. ಇದು ಸೌರಮಾರುತ. ಭೂಮಿಯ ಕಾಂತಕ್ಷೇತ್ರ ಅದನ್ನು ದೂರದಲ್ಲೇ ಬದಿಗೆ ಸರಿಸುತ್ತದೆ. ಮಂಗಳನಿಗೆ ಈಗ ಅಂಥ ಕಾಂತಕ್ಷೇತ್ರವಿಲ್ಲ. ಒಂದು ಕಾಲದಲ್ಲಿ ಇದ್ದ ಗುರುತು ಮಾತ್ರ ಶಿಲೆಗಳಲ್ಲಿ, ಹೆಚ್ಚಾಗಿ ದಕ್ಷಿಣ ಭಾಗದಲ್ಲಿ, ಉಳಿದಿದೆ ಎಂದು ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ತೋರಿಸಿತು. ಹಾಗಾಗಿ ಸೌರಮಾರುತ ನೇರವಾಗಿ ಅಯಾನುಗೋಳವನ್ನು ಒತ್ತಿ, ಅಯಾನುಗಳನ್ನು ಎಳೆದುಕೊಂಡು ಹೋಗುತ್ತದೆ.

ಇದನ್ನು ಅಳೆಯಲೆಂದೇ ನಾಸಾದ ಮಾವೆನ್ ನೌಕೆ 2014ರ ಸೆಪ್ಟೆಂಬರ್‌ನಲ್ಲಿ ಮಂಗಳನ ಕಕ್ಷೆ ಸೇರಿತು. ಬೆಂಗಳೂರಿನಿಂದ ನಿಯಂತ್ರಿಸಿದ ನಮ್ಮ ಮಂಗಳಯಾನ ಅಲ್ಲಿಗೆ ತಲುಪಿದ್ದೂ ಅದೇ ವಾರ. ಮಂಗಳಯಾನದ ಮೆಂಕಾ ಉಪಕರಣವೂ ಮೇಲಿನ ವಾತಾವರಣದ ಅನಿಲಗಳನ್ನು ಅಳೆಯಿತು. ಸೌರಮಾರುತ ಸೆಕೆಂಡಿಗೆ ಸುಮಾರು 100 ಗ್ರಾಂ ಅನಿಲವನ್ನು ಹೊತ್ತೊಯ್ಯುತ್ತಿದೆ ಎಂದು ಮಾವೆನ್ ವಿಜ್ಞಾನಿಗಳು 2015ರಲ್ಲಿ ತಿಳಿಸಿದರು.

ಕೇವಲ 100 ಗ್ರಾಂ! ಕ್ಯಾಲ್ಕುಲೇಟರ್ ತೆಗೆದುಕೊಂಡು ಕೂತೆ. ದಿನಕ್ಕೆ 8,640 ಕೆ.ಜಿ. ವರ್ಷಕ್ಕೆ ಸುಮಾರು 3,150 ಟನ್. 400 ಕೋಟಿ ವರ್ಷಕ್ಕೆ ಸುಮಾರು 12.6 ಲಕ್ಷ ಕೋಟಿ ಟನ್. ಈಗ ಅಲ್ಲಿ ಉಳಿದಿರುವ ಗಾಳಿ ಸುಮಾರು 25 ಲಕ್ಷ ಕೋಟಿ ಟನ್. ಅಂದರೆ ಹೋದದ್ದು ಉಳಿದದ್ದರ ಅರ್ಧದಷ್ಟು ಮಾತ್ರ. ಇಷ್ಟನ್ನು ಸೇರಿಸಿದರೂ ನದಿ ಹರಿಯುವಷ್ಟು ಗಾಳಿ ಆಗುವುದಿಲ್ಲ. ಲೆಕ್ಕ ಟ್ಯಾಲಿ ಆಗಲಿಲ್ಲ.

ತಪ್ಪು ಎಲ್ಲಿ? ಫಸ್ಟ್ ಪಿಯುಸಿಯಲ್ಲಿ ನಾವು ಸವಕಳಿ ಪಾಠ ಓದಿದ್ದೇವೆ. ಪ್ರತಿ ವರ್ಷವೂ ಒಂದೇ ಮೊತ್ತ ಕಳೆಯುವುದು ಸ್ಟ್ರೈಟ್ ಲೈನ್ ಮೆಥಡ್. ನಾನು ಮಾಡಿದ್ದು ಅದನ್ನೇ. ರಿಟನ್ ಡೌನ್ ವ್ಯಾಲ್ಯೂ ಮೆಥಡ್‌ನಲ್ಲಿ ಮೊದಲ ವರ್ಷಗಳಲ್ಲಿ ಹೆಚ್ಚು, ಆಮೇಲೆ ಕಡಿಮೆ. ಮಂಗಳನ ಲೆಕ್ಕ ಈ ಎರಡನೆಯದಕ್ಕೆ ಹತ್ತಿರ. ಕಾರಣ ಬೇರೆ: ಎಳೆಯ ಸೂರ್ಯನ ಅತಿನೇರಳೆ ಕಿರಣವೂ ಸೌರಮಾರುತವೂ ಬಹಳ ಜೋರಾಗಿದ್ದವು. 2015ರ ಮಾರ್ಚ್‌ನ ಸೌರ ಬಿರುಗಾಳಿಯಲ್ಲಿ ನಷ್ಟ ಹೆಚ್ಚಾದದ್ದನ್ನು ಮಾವೆನ್ ಕಣ್ಣಾರೆ ಕಂಡಿತು. ಇನ್ನೊಂದು ಸಾಕ್ಷಿ ಆರ್ಗಾನ್. ಅದು ಬೇರೆ ಯಾವುದರ ಜೊತೆಗೂ ಸೇರಿ ಶಿಲೆಯಾಗುವುದಿಲ್ಲ. ಕಳೆದುಹೋಗಲು ಬಾಹ್ಯಾಕಾಶವೇ ದಾರಿ. ಮಂಗಳನ ಆರ್ಗಾನ್‌ನಲ್ಲಿ ಸುಮಾರು ಶೇ. 65ರಷ್ಟು ಹಾಗೆ ಹೋಗಿದೆ ಎಂದು 2017ರಲ್ಲಿ ಪ್ರಕಟವಾಯಿತು.

ಕಾಂತಕ್ಷೇತ್ರ ಇಲ್ಲದಿರುವುದೊಂದೇ ಕಾರಣವಲ್ಲ. ಶುಕ್ರನಿಗೂ ಅದಿಲ್ಲ, ಆದರೂ ಗಾಳಿ ಬಹಳ ದಟ್ಟ. ಮಂಗಳ ಚಿಕ್ಕ ಗ್ರಹ, ಅದರ ಗುರುತ್ವವೂ ಕಡಿಮೆ.

"ಕಾಮರ್ಸ್‌ನವಳಿಗೆ ಇದೆಲ್ಲ ಯಾಕೆ?" ಎಂದು ಸೈನ್ಸ್ ಸೆಕ್ಷನ್‌ನ ಗೆಳತಿ ಕೇಳಿದ್ದಳು. ಈ ಲೆಕ್ಕ ತೋರಿಸಿದಾಗ ಅವಳೇ ನನ್ನ ಹತ್ತಿರ ಸವಕಳಿ ಪಾಠ ಹೇಳಿಸಿಕೊಂಡಳು. ನಾನಾಗೂ ವಿವರಿಸಿದೆ. "ಹಾಗಾದರೆ ನಮ್ಮ ಆಸ್ಮಾನ್?" ಎಂದು ಕೇಳಿದರು. ನಮ್ಮದೂ ಸ್ವಲ್ಪ ಸ್ವಲ್ಪ ಹೋಗುತ್ತಿದೆ, ಆದರೆ ಬಂಡವಾಳ ದೊಡ್ಡದು ನಾನಾ ಎಂದೆ.