ಸ್ಪಿಂಡಲ್ಲಿನ ಆಟ

ಲೋಹವನ್ನು ಕಡೆಯುವ ಲೇತ್ ಯಂತ್ರದಲ್ಲಿ ಉಳಿದೆಲ್ಲ ಭಾಗಗಳದು ಒಂದು ತೂಕವಾದರೆ ಸ್ಪಿಂಡಲ್ಲಿನದೇ ಒಂದು ತೂಕ. ಹೆಡ್‌ಸ್ಟಾಕ್ ಎಂದು ಕರೆಯುವ ಎಡಬದಿಯ ಎರಕದ ಪೆಟ್ಟಿಗೆಯೊಳಗೆ ಅಡ್ಡಲಾಗಿ ಕುಳಿತು, ತನ್ನ ಮೂತಿಗೆ ತಿರುಚಿ ಕೂರಿಸಿದ ಚಕ್ಕನ್ನೂ ಆ ಚಕ್ಕು ಕಚ್ಚಿ ಹಿಡಿದ ಕಬ್ಬಿಣದ ತುಂಡನ್ನೂ ತಿರುಗಿಸುವ ಈ ದಂಡವು ಎಷ್ಟು ಅಲುಗದೆ ತಿರುಗುತ್ತದೆಯೋ ಅಷ್ಟೇ ದುಂಡಗಿನ ಕೆಲಸ ಅದರಿಂದ ಹೊರಬರುತ್ತದೆ. ಟರ್ನರನ ಕೈ ಎಷ್ಟೇ ಪಳಗಿದ್ದರೂ ಸ್ಪಿಂಡಲ್ಲಿನ ತಪ್ಪನ್ನು ಅದು ಮುಚ್ಚಲಾರದು. ದಂಡವನ್ನು ಎರಡು ಕಡೆ ಹೊತ್ತಿರುವ ಬೇರಿಂಗುಗಳು ಸವೆದಾಗ ಹುಟ್ಟುವ ಸಡಿಲಕ್ಕೆ ವರ್ಕ್‌ಶಾಪುಗಳಲ್ಲಿ ‘ಆಟ’ ಅಥವಾ ‘ಪ್ಲೇ’ ಎಂಬ ಹೆಸರಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂತಹ ಬೇಸಾಯದ ಊರುಗಳಲ್ಲಿ ಹಳೆಯ ಲೇತಿನ ಈ ಆಟವನ್ನು ಅಳೆದು, ಅದರ ಕಾರಣವನ್ನು ಹುಡುಕಿ, ಮತ್ತೆ ಅಂಕೆಗೆ ತರುವ ಕೆಲಸವು ಯಂತ್ರದ ಹೊಳಪಿನ ಹಿಂದೆ ಅಡಗಿದ ಒಂದು ಸ್ವತಂತ್ರ ಕಸುಬು.

ಕಡೆಯುವ ವಿದ್ಯೆ ಈ ಸೀಮೆಗೆ ಹೊಸದಲ್ಲ. 1117ರ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಾಗಲಿ, 1246ರಲ್ಲಿ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಾಗಲಿ, ತಿರುಗಣೆಯಿಂದ ಕಡೆದ ಕಂಬಗಳ ಒಂದರ ಮೇಲೊಂದು ಕುಳಿತ ಬಳೆಗಳೂ ನವಿರಾದ ಗೀರುಗಳೂ ಇಂದಿಗೂ ಸ್ಪಷ್ಟವಾಗಿವೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಡುಸಾಗುವ ಬಳಪದ ಕಲ್ಲು ಉಳಿಗೆ ಸುಲಭವಾಗಿ ಒಗ್ಗುತ್ತಿತ್ತು ನಿಜ. ಆದರೆ ಅಷ್ಟು ಭಾರದ ಕಲ್ಲು ತನ್ನ ನಡುಗೆರೆಯಿಂದ ಕದಲದಂತೆ ತಿರುಗಬೇಕಾದರೆ ಅದನ್ನು ಹೊತ್ತ ಗೂಟವೂ ಗುಳಿಯೂ ಬಿಗಿಯಾಗಿರಲೇಬೇಕು. ಬೇರಿಂಗ್ ಎಂಬ ಮಾತು ಇಲ್ಲದ ಕಾಲದಲ್ಲೂ ಬೇರಿಂಗಿನ ಚಿಂತೆ ಇತ್ತು ಎನ್ನಲು ಆ ಕಂಬಗಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕಬ್ಬಿಣದ ಲೇತಿನ ಕಥೆ ತೀರ ಈಚಿನದು. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳೂ, 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ನೆಲೆಗೊಂಡ ಎಚ್‌ಎಂಟಿಯ ಲೇತುಗಳೂ ಕರ್ನಾಟಕದ ಕಾರ್ಖಾನೆ, ಕಾಲೇಜು, ಐಟಿಐಗಳನ್ನು ತುಂಬಿದವು. ಅಷ್ಟು ಬೆಲೆ ತೆರಲಾರದ ಸಣ್ಣ ವರ್ಕ್‌ಶಾಪುಗಳಿಗೆ ಪಂಜಾಬಿನ ಬಟಾಲ ಮತ್ತು ಗುಜರಾತಿನ ರಾಜಕೋಟೆಯ ಬೆಲ್ಟಿನ ಲೇತುಗಳು ಬಂದವು. ಹರಿಹರದ ಕಾರ್ಖಾನೆ ಮುಚ್ಚಿ ಎರಡು ದಶಕಗಳೇ ಕಳೆದಿದ್ದರೂ ಅದರ ಯಂತ್ರಗಳು ಇನ್ನೂ ಕೈ ಬದಲಾಯಿಸುತ್ತ ಮಾರಾಟವಾಗುತ್ತಿವೆ. ಎರಡನೆಯ ಕೈಯ ಲೇತನ್ನು ಕೊಳ್ಳುವವನು ಬಣ್ಣವನ್ನು ನೋಡದೆ ಮೊದಲು ಚಕ್ಕನ್ನು ಹಿಡಿದು ಅಲ್ಲಾಡಿಸಿ ನೋಡುವುದು ಸರಿಯಾದ ಕ್ರಮ.

ಈ ಊರುಗಳಲ್ಲಿ ಲೇತಿನ ಮುಂದೆ ಬಂದು ಬೀಳುವ ಕೆಲಸ ಸುತ್ತಲಿನ ಹೊಲ, ತೋಟ, ಕೊಳವೆಬಾವಿಗಳದು: ನೀರೆತ್ತುವ ಮೋಟರಿನ ಶಾಫ್ಟು, ಕಬ್ಬಿನ ಗಾಣದ ರೋಲಿನ ಕುತ್ತಿಗೆ, ಟ್ರ್ಯಾಕ್ಟರಿನ ಪಿನ್ನು ಮತ್ತು ಬುಶ್ಶು, ಅಕ್ಕಿ ಗಿರಣಿಯ ದಂಡಗಳು. ಇವುಗಳಲ್ಲಿ ಪಿನ್ನು ಮತ್ತು ಬುಶ್ಶುಗಳು ಕೂದಲೆಳೆಯ ವ್ಯತ್ಯಾಸವನ್ನು ಸಹಿಸುತ್ತವೆ. ಮೋಟರಿನ ಶಾಫ್ಟು ಸಹಿಸುವುದಿಲ್ಲ. 40 ಮಿ.ಮೀ. ವ್ಯಾಸದ ಶಾಫ್ಟಿನ ಮೇಲೆ ಬಾಲ್ ಬೇರಿಂಗ್ ಬಿಗಿಯಾಗಿ ಕೂರಬೇಕಾದರೆ, ಸಾಮಾನ್ಯವಾಗಿ ಬಳಸುವ ಅಳತೆಯ ಕಟ್ಟಳೆಯಂತೆ ಆ ಜಾಗವು 40.002 ಮತ್ತು 40.018 ಮಿ.ಮೀ.ಗಳ ನಡುವೆಯೇ ನಿಲ್ಲಬೇಕು, ಅಂದರೆ ಇಡೀ ಸ್ವಾತಂತ್ರ್ಯ 16 ಮೈಕ್ರಾನ್, ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಹದಿನಾರು ಪಾಲು. ಸ್ಪಿಂಡಲ್ಲೇ 50 ಮೈಕ್ರಾನ್ ಕುಣಿಯುವ ಲೇತು ಈ ಗೆರೆಯೊಳಗೆ ನಿಲ್ಲುವುದು ಅದೃಷ್ಟದ ಮಾತು. ಒಂದು ಲೇತಿನ ಸವೆದ ಬೇರಿಂಗು ಹೀಗೆ ಹತ್ತಾರು ಪಂಪುಗಳ ಬೇರಿಂಗುಗಳ ಆಯುಸ್ಸನ್ನು ಕಡಿಮೆ ಮಾಡುತ್ತ ಹೋಗುತ್ತದೆ, ಮತ್ತು ಬೇಸಿಗೆಯಲ್ಲಿ ಮೋಟರು ಸುಟ್ಟಾಗ ರೈತನು ಬೈಯುವುದು ಬೇರಿಂಗ್ ಕಂಪನಿಯನ್ನು.

ಆಟವನ್ನು ಅಳೆಯುವ ಉಪಕರಣ ಡಯಲ್ ಗೇಜ್. ಒಂದು ಮುಳ್ಳಿನ ಚಲನೆಯನ್ನು ಗಡಿಯಾರದಂಥ ಮುಖದ ಮೇಲೆ ಮಿಲಿಮೀಟರಿನ ನೂರನೆಯ ಪಾಲಿನಲ್ಲಿ ತೋರಿಸುವ ಇದನ್ನು ಸ್ಪಿಂಡಲ್ಲಿನ ಮೂತಿಗೆ ತಾಗಿಸಿಟ್ಟು, ಚಕ್ಕಿನ ಅಡಿಗೆ ಮರದ ತುಂಡನ್ನು ಕೊಟ್ಟು ಮೆಲ್ಲನೆ ಮೀಟಿದರೆ ಮುಳ್ಳು ಎಷ್ಟು ಓಡುತ್ತದೆಯೋ ಅದು ಬೇರಿಂಗಿನ ಆಟ. ಮೀಟದೆ ಸ್ಪಿಂಡಲ್ಲನ್ನು ಕೈಯಿಂದ ಒಂದು ಸುತ್ತು ತಿರುಗಿಸಿದಾಗ ಮುಳ್ಳು ಓಡಿದರೆ ಅದು ಸ್ಪಿಂಡಲ್ಲಿನದೇ ವಕ್ರತೆ, ಅಥವಾ ಬೇರಿಂಗಿನ ಒಳಬಳೆಯ ದೋಷ. ಈ ಎರಡನ್ನು ಬೇರ್ಪಡಿಸದೆ ಬೇರಿಂಗ್ ಬದಲಿಸಿ ಹಣ ಕಳೆದುಕೊಳ್ಳುವುದು ಬಹಳ ಸಾಮಾನ್ಯ. ಕಡೆದ ಮೈಯ ಮೇಲೆ ಅಲೆಅಲೆಯಾಗಿ ಏಳುವ ಗೀರುಗಳಿಗೂ, ಕಟಿಂಗ್ ಟೂಲು ಥಟ್ಟನೆ ಕಚ್ಚಿ ಮುರಿಯುವುದಕ್ಕೂ ಬೇರಿಂಗೊಂದೇ ಕಾರಣವಲ್ಲ. ಟೂಲನ್ನು ಹೊತ್ತ ಸ್ಯಾಡಲಿನ ಸಡಿಲ, ಆ ಸ್ಯಾಡಲು ಜಾರುವ, ಚಕ್ಕಿನ ಬಳಿಯಲ್ಲೇ ಹೆಚ್ಚು ಸವೆಯುವ ಬೆಡ್ಡು, ಕೊನೆಗೆ ನೆಲಕ್ಕೆ ಸರಿಯಾಗಿ ಕೂರದ ಕಾಲು ಕೂಡ ಅದೇ ಲಕ್ಷಣವನ್ನು ತೋರಿಸಬಲ್ಲವು.

ಹಳೆಯ ಹಗುರ ಲೇತುಗಳಲ್ಲಿ ಇರುವುದು ಉರುಳೆಯಿಲ್ಲದ ಸಾದಾ ಬೇರಿಂಗ್, ಅಂದರೆ ಗನ್‌ಮೆಟಲ್ ಎಂಬ ಕಂಚಿನ ಜಾತಿಯ ಲೋಹದ ಬುಶ್ಶು, ಇಲ್ಲವೆ ತವರಕ್ಕೆ ಆಂಟಿಮನಿ ಮತ್ತು ತಾಮ್ರವನ್ನು ಬೆರೆಸಿ ಎರಕ ಹೊಯ್ದ ವೈಟ್ ಮೆಟಲ್. ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ಪೇಟೆಂಟ್ ಪಡೆದ ಕಾರಣ ಈ ಎರಡನೆಯದಕ್ಕೆ ಬ್ಯಾಬಿಟ್ ಎಂಬ ಹೆಸರೂ ಇದೆ. ಇಂಥ ಬೇರಿಂಗನ್ನು ಹಿಂದುಳಿದದ್ದೆಂದು ತಳ್ಳಿಹಾಕುವುದು ತಪ್ಪು. ಸ್ಪಿಂಡಲ್ ತಿರುಗತೊಡಗಿದೊಡನೆ ಅದು ತನ್ನ ಜೊತೆಗೆ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದುಕೊಂಡು, ಲೋಹಕ್ಕೆ ಲೋಹ ತಾಗದಂತೆ ಎಣ್ಣೆಯ ತೆಳುಪದರದ ಮೇಲೆ ತೇಲುತ್ತದೆ. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಣಿತದಿಂದ ವಿವರಿಸಿದ ಈ ಪದರವು ನಡುಕವನ್ನು ನುಂಗಿಕೊಳ್ಳುವುದರಿಂದ, ಒಳ್ಳೆಯ ಸ್ಥಿತಿಯಲ್ಲಿರುವ ಬುಶ್ಶಿನ ಲೇತು ಕೊಡುವ ನಯ ಅಗ್ಗದ ರೋಲರ್ ಬೇರಿಂಗಿನಿಂದ ಸಿಕ್ಕುವುದಿಲ್ಲ. ಪದರ ನಿಲ್ಲಲು ಸ್ಪಿಂಡಲ್ಲಿಗೂ ಬುಶ್ಶಿಗೂ ನಡುವೆ ಒಂದೆರಡು ‘ಥೌ’ ಸಂದು ಸಾಕು. ಇಂಚಿನ ಸಾವಿರದಲ್ಲೊಂದು ಪಾಲನ್ನು, ಅಂದರೆ 0.0254 ಮಿ.ಮೀ.ಅನ್ನು, ಹಳೆಯ ಟರ್ನರರು ಥೌ ಎನ್ನುತ್ತಾರೆ.

ಬುಶ್ಶು ಸವೆದರೆ ಬೋಲ್ಟು ಬಿಗಿಯಬೇಕೆಂಬುದು ಮೊದಲ ಯೋಚನೆ, ಮತ್ತು ಹೆಚ್ಚಾಗಿ ಮೊದಲ ತಪ್ಪು. ಕೆಲಸದ ತುಂಡು ಟರ್ನರನ ಮುಂದೆ ಮೇಲಿನಿಂದ ಕೆಳಕ್ಕೆ ತಿರುಗುವುದರಿಂದ ಟೂಲು ಅದನ್ನು ಮೇಲಕ್ಕೂ ಹಿಂದಕ್ಕೂ ತಳ್ಳುತ್ತದೆ, ಚಕ್ಕಿನ ಭಾರ ಕೆಳಕ್ಕೆ ಜಗ್ಗುತ್ತದೆ, ಬೆಲ್ಟು ತನ್ನ ದಿಕ್ಕಿಗೆ ಎಳೆಯುತ್ತದೆ. ಹೀಗಾಗಿ ಸವೆತ ಎಲ್ಲೆಡೆ ಸಮವಾಗಿರದೆ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಅಂಥ ರಂಧ್ರವನ್ನು ಹಿಂಡಿದರೆ ಒಂದು ಕಡೆ ಸ್ಪಿಂಡಲ್ ಕಚ್ಚಿ ಬಿಸಿಯಾಗುತ್ತದೆ, ಇನ್ನೊಂದು ಕಡೆ ಆಟ ಹಾಗೆಯೇ ಉಳಿಯುತ್ತದೆ. ಎರಡು ಹೋಳಿನ ಬೇರಿಂಗಾದರೆ ನಡುವಿನ ತೆಳು ಶಿಮ್ಮುಗಳಲ್ಲಿ ಒಂದನ್ನು ತೆಗೆದು, ಸ್ಪಿಂಡಲ್ಲಿಗೆ ನೀಲಿ ಬಣ್ಣವನ್ನು ತೆಳುವಾಗಿ ಹಚ್ಚಿ, ಕೂರಿಸಿ ತಿರುಗಿಸಿ, ನೀಲಿ ತಾಗಿದ ಉಬ್ಬುಗಳನ್ನು ಮಾತ್ರ ಸ್ಕ್ರೇಪರಿನಿಂದ ಹೆರೆದು, ಮತ್ತೆ ಹಚ್ಚಿ, ಮತ್ತೆ ಹೆರೆದು, ನೀಲಿಯ ಚುಕ್ಕೆಗಳು ಇಡೀ ಮೈಯಲ್ಲಿ ಹರಡಿಕೊಳ್ಳುವವರೆಗೆ ಮುಂದುವರಿಸಬೇಕು. ಬೇಸರದ ಕೆಲಸವಿದು, ಆದರೆ ಇದಕ್ಕೆ ಬದಲಿಲ್ಲ. ಹೆರೆಯಲು ಲೋಹವೇ ಉಳಿದಿರದಿದ್ದರೆ ಹೊಸ ಬುಶ್ಶನ್ನು ಒತ್ತಿ ಕೂರಿಸಿ, ಹೆಡ್‌ಸ್ಟಾಕನ್ನೇ ಬಿಚ್ಚಿ ದೊಡ್ಡ ಲೇತೊಂದರ ಸ್ಯಾಡಲಿನ ಮೇಲೆ ಬಿಗಿದು, ಎರಡೂ ಬುಶ್ಶುಗಳ ಮೂಲಕ ಹಾಯುವ ಒಂದೇ ಬೋರಿಂಗ್ ಬಾರಿನಿಂದ ಒಂದೇ ನೇರಕ್ಕೆ ಕೊರೆಯುತ್ತಾರೆ.

ಬುಶ್ಶನ್ನೇ ಕಿತ್ತು ರೋಲರ್ ಬೇರಿಂಗ್ ಹಾಕುವ ಸುಧಾರಣೆಗೆ ನ್ಯಾಯವಾದ ಕಾರಣವೆಂದರೆ ವೇಗ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲಿನಿಂದ ಮೆತು ಉಕ್ಕನ್ನು ನಿಮಿಷಕ್ಕೆ ಸುಮಾರು 30 ಮೀಟರ್ ವೇಗದಲ್ಲಿ ಕಡೆದರೆ 40 ಮಿ.ಮೀ. ಶಾಫ್ಟು ನಿಮಿಷಕ್ಕೆ 240 ಸುತ್ತು ತಿರುಗಿದರೆ ಸಾಕು. ಕಾರ್ಬೈಡ್ ತುದಿಯ ಟೂಲಿಗೆ 100 ಮೀಟರ್ ಬೇಕೆಂದರೆ ಅದೇ ಶಾಫ್ಟು 800 ಸುತ್ತು ತಿರುಗಬೇಕು, ಮತ್ತು ಎಣ್ಣೆಬಟ್ಟಲಿನ ತೊಟ್ಟುಗಳನ್ನು ನಂಬಿದ ಹಳೆಯ ಬುಶ್ಶು ಆ ವೇಗದಲ್ಲಿ ದಿನವಿಡೀ ತಾಳುವುದು ಕಷ್ಟ. ಆದರೆ ಜಾಗದ ಲೆಕ್ಕ ಕಠಿಣವಾಗಿದೆ. 40 ಮಿ.ಮೀ. ಒಳವ್ಯಾಸದ 30208 ಎಂಬ ಟೇಪರ್ ರೋಲರ್ ಬೇರಿಂಗಿನ ಹೊರವ್ಯಾಸ 80 ಮಿ.ಮೀ.; 52 ಮಿ.ಮೀ. ರಂಧ್ರವುಳ್ಳ ಹೆಡ್‌ಸ್ಟಾಕಿನಲ್ಲಿ ಅದು ಕೂರಬೇಕಾದರೆ ಎರಕದ ಗೋಡೆ ಸುತ್ತಲೂ 14 ಮಿ.ಮೀ. ತೆಳುವಾಗುತ್ತದೆ. ಎರಡು ರಂಧ್ರಗಳು ಬೆಡ್ಡಿಗೆ ಸಮಾನಾಂತರ ತಪ್ಪಿದರೆ ಆ ಲೇತು ಮುಂದೆಂದೂ ನೇರವಾದ ಶಾಫ್ಟನ್ನು ಕಡೆಯದು. ಬಡಕಲು ಹೆಡ್‌ಸ್ಟಾಕಿನ ಲೇತಿಗೆ ಈ ಸುಧಾರಣೆ ಮಾಡಿಸುವುದಕ್ಕಿಂತ ಒಳ್ಳೆಯ ಬುಶ್ಶು ಹಾಕಿಸುವುದು ಮೇಲು.

ಕಾರ್ಖಾನೆಯಿಂದಲೇ ರೋಲರ್ ಬೇರಿಂಗ್ ಪಡೆದು ಬಂದ ಲೇತುಗಳ ಮಾತು ಬೇರೆ. ಅಲ್ಲಿ ಬೇಕಾದದ್ದು ಬದಲಾವಣೆಯಷ್ಟೆ. ಟೇಪರ್ ಬೇರಿಂಗಿಗೆ 1898ರಲ್ಲಿ ಹೆನ್ರಿ ಟಿಮ್‌ಕೆನ್ ಪೇಟೆಂಟ್ ಪಡೆದದ್ದು ಬಂಡಿಯ ಅಚ್ಚಿಗಾಗಿ. ಇಂದಿಗೂ ಟ್ರ್ಯಾಕ್ಟರಿನ ಚಕ್ರದಲ್ಲಿ ಇರುವುದು ಅದೇ ಕಪ್ಪು (ಹೊರಬಳೆ) ಮತ್ತು ಕೋನು (ಒಳಬಳೆ). ಬೇರಿಂಗಿನ ಸಂಖ್ಯೆಯ ಕೊನೆಯ ಎರಡು ಅಂಕೆಗಳನ್ನು 5ರಿಂದ ಗುಣಿಸಿದರೆ ಸಾಮಾನ್ಯವಾಗಿ ಒಳವ್ಯಾಸ ಸಿಗುತ್ತದೆಂಬುದು ಅಂಗಡಿಯ ಹುಡುಗನಿಗೂ ಗೊತ್ತು. ಅಪಾಯ ಇರುವುದೂ ಇಲ್ಲಿಯೇ: ಸಂಖ್ಯೆ ಒಂದೇ ಆದ ಮಾತ್ರಕ್ಕೆ ಬೇರಿಂಗ್ ಒಂದೇ ಅಲ್ಲ. ಸ್ಪಿಂಡಲ್ಲಿಗೆ ತಯಾರಾದದ್ದರ ಸಂಖ್ಯೆಯ ನಂತರ ಪಿ5 ಎಂಬಂಥ ನಿಖರತೆಯ ಗುರುತಿರುತ್ತದೆ. ಚಕ್ರದ ಬೇರಿಂಗಿಗೆ ಅದಿಲ್ಲ. ಎರಡೂ ಒಂದೇ ಜಾಗದಲ್ಲಿ ಕೂರುತ್ತವೆ, ಬೆಲೆಯಲ್ಲಿ ಹಲವು ಪಟ್ಟು ವ್ಯತ್ಯಾಸವಿರುತ್ತದೆ, ಅಗ್ಗದ್ದನ್ನು ಹಾಕಿದ ಲೇತು ಆಟವಿಲ್ಲದೆಯೂ ಕುಣಿಯುತ್ತದೆ.

ಕೂರಿಸುವ ಕ್ರಮದಲ್ಲಿ ಸುತ್ತಿಗೆಗೆ ಜಾಗವಿಲ್ಲ. ಹೊರಬಳೆಗೆ ಹೊಡೆದು ಒಳಬಳೆಯನ್ನು ಕೂರಿಸಿದರೆ ಪೆಟ್ಟು ರೋಲರುಗಳ ಮೂಲಕ ಹಾಯ್ದು ಅವು ಉರುಳುವ ಹಳಿಯ ಮೇಲೆ ಕಣ್ಣಿಗೆ ಕಾಣದ ತಗ್ಗುಗಳನ್ನು ಮಾಡುತ್ತದೆ. ಗ್ಯಾಸ್ ಟಾರ್ಚಿನಿಂದ ಕಾಯಿಸುವುದೂ ಸಲ್ಲದು. ಎಣ್ಣೆಯಲ್ಲಿ ಮುಳುಗಿಸಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಿಸಿ ಮಾಡಿದರೆ ಬಳೆ ಹಿಗ್ಗಿ ತಾನಾಗಿ ಜಾರಿಕೊಳ್ಳುತ್ತದೆ. ನಂತರ ಹಿಂಬದಿಯ ನಟ್ಟಿನಿಂದ ಎದುರುಬದುರಾಗಿ ಕುಳಿತ ಎರಡು ಟೇಪರುಗಳನ್ನು ಒಂದರತ್ತ ಒಂದನ್ನು ಎಳೆದು, ಸಡಿಲ ಪೂರ್ತಿ ಹೋಗಿ ತುಸು ಒತ್ತಡ ಉಳಿಯುವಂತೆ ಬಿಗಿಯುತ್ತಾರೆ. ಪ್ರೀಲೋಡ್ ಎನ್ನುವುದು ಇದನ್ನೇ. ಅರ್ಧ ಗಂಟೆ ವೇಗವಾಗಿ ಓಡಿಸಿದ ಮೇಲೆ ಹೆಡ್‌ಸ್ಟಾಕಿನ ಮೇಲಿಟ್ಟ ಅಂಗೈ ಬೆಚ್ಚಗಾಗಬೇಕು, ಆದರೆ ಥಟ್ಟನೆ ಹಿಂದಕ್ಕೆ ಬರುವಂತಿರಬಾರದು. ಕೈ ಸುಟ್ಟರೆ ನಟ್ಟನ್ನು ಕೂದಲೆಳೆಯಷ್ಟು ಬಿಡಬೇಕು.

ಕೊನೆಯ ಪರೀಕ್ಷೆಗೆ ಬಲಬದಿಯ ಟೇಲ್‌ಸ್ಟಾಕಿನ ಆಸರೆಯಿಲ್ಲದೆ ಚಕ್ಕಿನಿಂದ 150 ಮಿ.ಮೀ. ಹೊರಚಾಚಿದ ದಪ್ಪ ಸಲಾಕೆಯೊಂದು ಸಾಕು. ಅದರ ಎರಡು ತುದಿಗಳಲ್ಲಿ ಒಂದೊಂದು ಬಳೆ ಉಳಿಯುವಂತೆ ನಡುವನ್ನು ತಗ್ಗಿಸಿ, ಟೂಲಿನ ಆಳವನ್ನು ಬದಲಿಸದೆ ಎರಡೂ ಬಳೆಗಳ ಮೇಲೆ ತೆಳುವಾದ ಒಂದು ಕಟ್ ಹಾಯಿಸಿ, ಮೈಕ್ರೊಮೀಟರಿನಿಂದ ಅಳೆಯುತ್ತಾರೆ. ಎರಡು ಅಳತೆಗಳ ಅಂತರ 0.02 ಮಿ.ಮೀ.ಗಿಂತ ಕಡಿಮೆಯಾದರೆ ಹಳೆಯ ಲೇತಿಗೆ ಅದು ಒಳ್ಳೆಯ ಫಲಿತಾಂಶ. ಇಷ್ಟಾದ ಮೇಲೂ ಕಳಚಿದ ಗನ್‌ಮೆಟಲ್ ಬುಶ್ಶು ಗುಜರಿಗೆ ಹೋಗಬೇಕಾಗಿಲ್ಲ: ಗೋಡೆ ದಪ್ಪವಿದ್ದರೆ ಅದನ್ನು ಅದೇ ಲೇತಿನ ಚಕ್ಕಿಗೆ ಕಚ್ಚಿಸಿ, ಒಳಗೂ ಹೊರಗೂ ಕಡೆದು, ಪಂಪಿಗೋ ಗಾಣಕ್ಕೋ ಒಂದು ಬುಶ್ಶು ತೆಗೆಯಬಹುದು.