ಪೆಂಗ್ವಿನ್ನುಗಳ ನಾಡಿಗೆ ಹಕ್ಕಿಜ್ವರ

ಕರಿಯ ಕೋಟು ತೊಟ್ಟ ಸಭ್ಯ ಗೃಹಸ್ಥರಂತೆ ಹಿಮದ ಮೇಲೆ ಹೆಜ್ಜೆಯಿಡುವ ಪೆಂಗ್ವಿನ್ನುಗಳಿಗೂ ಫ್ಲೂ ತಗಲೀತೆ? 2013ರಲ್ಲಿ ವಿಜ್ಞಾನಿ ಏರನ್ ಹರ್ಟ್ ಮತ್ತು ಅವರ ಸಂಗಡಿಗರು ಅಂಟಾರ್ಕ್ಟಿಕದಲ್ಲಿ ಮುನ್ನೂರಕ್ಕೂ ಮಿಕ್ಕು ಅಡೇಲಿ ಪೆಂಗ್ವಿನ್ನುಗಳನ್ನು ಹಿಡಿದು, ಹತ್ತಿ ಸುತ್ತಿದ ಕಡ್ಡಿಗಳಿಂದ ಅವುಗಳ ದೇಹದ ಸ್ರಾವವನ್ನು ಸಂಗ್ರಹಿಸಿದರು. ಕೊಕ್ಕಿನ ಪೆಟ್ಟು, ರೆಕ್ಕೆಯ ಏಟು, ಸಾವಿರಾರು ಹಕ್ಕಿಗಳ ಹಿಕ್ಕೆಯ ದುರ್ಗಂಧ. ಧ್ರುವಸಂಶೋಧನೆಯೆಂದರೆ ಇಷ್ಟೆಲ್ಲ ಉಂಟು. ಎಂಟು ಹಕ್ಕಿಗಳಲ್ಲಿ ಎಚ್11ಎನ್2 ಎಂಬ ಫ್ಲೂ ವೈರಸ್ ದೊರೆಯಿತು. ಆಗ ತಿಳಿದಿದ್ದ ಯಾವ ಫ್ಲೂ ವೈರಸ್ಸನ್ನೂ ಅದು ಹೋಲುತ್ತಿರಲಿಲ್ಲ. ಹಲವು ದಶಕಗಳಿಂದ ಅದು ಆ ಹಿಮಖಂಡದಲ್ಲಿ ಯಾರ ಕಣ್ಣಿಗೂ ಬೀಳದೆ ವಾಸವಾಗಿದ್ದಿರಬೇಕು. ಆಶ್ಚರ್ಯವೆಂದರೆ, ಆ ಹಕ್ಕಿಗಳಿಗೆ ಜಾಡ್ಯದ ಸುಳಿವೇ ಇರಲಿಲ್ಲ!

ಆದರೆ ತರುವಾಯ ಬಂದ ಅತಿಥಿ ಅಂಥ ಸಾಧುವಲ್ಲ. ಲೋಕದ ಕೋಳಿಸಾಕಣೆಯನ್ನು ನಡುಗಿಸಿದ ಎಚ್5ಎನ್1, 2023ರ ಅಕ್ಟೋಬರಿನಲ್ಲಿ ದಕ್ಷಿಣ ಜಾರ್ಜಿಯದ ಬಳಿಯ ಬರ್ಡ್ ದ್ವೀಪದಲ್ಲಿ ಕಂದು ಸ್ಕುವಾ ಹಕ್ಕಿಗಳಲ್ಲಿ ಪತ್ತೆಯಾಯಿತು. ಸತ್ತದ್ದನ್ನು ತಿಂದು, ಪೆಂಗ್ವಿನ್ನಿನ ಮೊಟ್ಟೆಮರಿಗಳನ್ನು ಕದ್ದು ಬದುಕುವ ಈ ಸ್ಕುವಾ ರೋಗವಾಹನಕ್ಕೆ ಹೇಳಿಮಾಡಿಸಿದಂತಿದೆ. 2024ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕದ ನೆಲದಲ್ಲಿಯೇ ಸತ್ತ ಸ್ಕುವಾಗಳಲ್ಲಿ ವೈರಸ್ ಇರುವುದು ಖಚಿತವಾಯಿತು. ಅದೇ ವರ್ಷ ದಕ್ಷಿಣ ಜಾರ್ಜಿಯದ ಜೆಂಟೂ ಮತ್ತು ರಾಜಪೆಂಗ್ವಿನ್ನುಗಳಲ್ಲಿಯೂ ಅದು ಕಾಣಿಸಿತು. ಪೆಂಗ್ವಿನ್ನುಗಳು ಒತ್ತೊತ್ತಾಗಿ ಗೂಡು ಕಟ್ಟುವುದರಿಂದ ಸೋಂಕು ಒಂದರಿಂದ ಒಂದಕ್ಕೆ ಹಬ್ಬಲು ಅಡ್ಡಿಯೇ ಇಲ್ಲ. ಆನೆಸೀಲುಗಳ ಪಾಡಂತೂ ಕರುಣಾಜನಕ: 2023ರಲ್ಲಿ ಅರ್ಜೆಂಟೀನದ ವಾಲ್ಡೆಸ್ ಪರ್ಯಾಯದ್ವೀಪದಲ್ಲಿ ಆ ವರ್ಷ ಹುಟ್ಟಿದ ಮರಿಗಳು ಬಹುತೇಕ ಅಳಿದುಹೋದವು.

ಈಗ ಅಲ್ಲಿಗೆ ಹೋಗುವ ಪ್ರವಾಸಿಗಳು ಬೂಟು ತೊಳೆದೇ ಇಳಿಯಬೇಕು. ನೆಲದ ಮೇಲೆ ಕೂರುವಂತಿಲ್ಲ, ಹಕ್ಕಿಗಳ ಸಮೀಪಕ್ಕೆ ಸುಳಿಯುವಂತಿಲ್ಲ. ಈ ನಿಯಮವನ್ನರಿಯದ ಪೆಂಗ್ವಿನ್ನುಗಳು ಮಾತ್ರ ಕುತೂಹಲದಿಂದ ತಾವೇ ಅತಿಥಿಗಳ ಬಳಿಗೆ ನಡೆದು ಬರುತ್ತವೆ.