ನೀರುಕಾಗೆಯ ಊರಿಗೆ ಇಂಗ್ಲಿಷ್ ಬಂದ ದಾರಿ

ಮಳೆ ಹಿಡಿಯುವ ಹೊತ್ತಿಗೆ ಸೊರಬ ತಾಲ್ಲೂಕಿನ ಗುಡವಿ ಕೆರೆಗೆ ನೆಂಟರು ಬರುತ್ತಾರೆ. ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿಗಳು ನೀರಲ್ಲಿ ನಿಂತ ಮರಗಳ ಮೇಲೆ ಗೂಡು ಹೂಡುತ್ತವೆ. ಶಾಲೆಯ ಬಾಗಿಲು ತೆರೆಯುವುದೂ ಅದೇ ಆಸುಪಾಸಿನಲ್ಲಿ. ಮಗು ಕಣ್ಣಾರೆ ಕಂಡ ನೀರುಕಾಗೆ ಇಂಗ್ಲಿಷ್ ಮಾಧ್ಯಮದ ತರಗತಿಯಲ್ಲಿ ‘ಕಾರ್ಮೊರೆಂಟ್’ ಆಗುತ್ತದೆ. ಹಕ್ಕಿಗೆ ಎರಡು ಹೆಸರಾದರೆ ನಷ್ಟವೇನಿಲ್ಲ. ಮೊದಲ ಹೆಸರು ಪಾಠದೊಳಕ್ಕೆ ಬರಲೇ ಇಲ್ಲವೆಂದರೆ ತೊಂದರೆ.

ಮನೆಯ ಮಾತು ಒಂದು, ಓದಿನ ಮಾತು ಇನ್ನೊಂದು ಎನ್ನುವುದು ಈ ಸೀಮೆಗೆ ಹೊಸತಲ್ಲ. ಪಕ್ಕದ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ ಸಂಸ್ಕೃತದ್ದು. ಮಯೂರಶರ್ಮ ಗುರು ವೀರಶರ್ಮನೊಡನೆ ಓದಲು ಕಂಚಿಯ ಘಟಿಕೆಗೆ ಹೋದ ಕಥೆ ಅದರಲ್ಲಿದೆ. ಬಳ್ಳಿಗಾವಿಯ ಕೋಡಿಮಠದ 1162ರ ಶಾಸನದಲ್ಲಿ ವೇದ, ವ್ಯಾಕರಣ, ದರ್ಶನಗಳ ಉದ್ದನೆಯ ಪಟ್ಟಿಯೇ ಇದೆ. ಅದೇ ಶತಮಾನದ ತಾಳಗುಂದದ ಇನ್ನೊಂದು ಶಾಸನ ಮಾತ್ರ ಮಕ್ಕಳ ಕನ್ನಡ ಕಲಿಕೆಯನ್ನೂ ನೆನೆಯುತ್ತದೆ. ಇವನ್ನೆಲ್ಲ ಅಚ್ಚು ಮಾಡಿಸಿದ ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿದ್ದವರು. 1868ರ ಹೋಬಳಿ ಶಾಲೆಗಳ ಯೋಜನೆ ಅವರದೇ. ಆಗಲೂ ಹಳ್ಳಿಯ ಮೊದಲ ಓದು ಕನ್ನಡದಲ್ಲಿ, ಮೇಲಿನ ಓದು ಇಂಗ್ಲಿಷಿನಲ್ಲಿ.

ಈ ಮೊದಲ ಮೆಟ್ಟಿಲು ಅಲುಗಾಡಿದ್ದು ನಮ್ಮ ಕಾಲದಲ್ಲೇ. ಗೋಕಾಕ್ ಚಳವಳಿಯನ್ನು ಮಾಧ್ಯಮದ ಹೋರಾಟವೆಂದು ಹಲವರು ತಿಳಿದಿದ್ದಾರೆ. ಅಲ್ಲ, ಅದು ಪ್ರೌಢಶಾಲೆಯಲ್ಲಿ ಕನ್ನಡ ಪ್ರಥಮ ಭಾಷೆಯಾಗಲಿ ಎಂದು ಕೇಳಿದ್ದು. ಮಾಧ್ಯಮದ ಆದೇಶ ಹೊರಟಿದ್ದು 1994ರ ಏಪ್ರಿಲ್ 29ರಂದು: ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಇಲ್ಲವೇ ಕನ್ನಡ. ಆಮೇಲೆ ನಡೆದದ್ದು ನಾಟಕ. ಕನ್ನಡ ಮಾಧ್ಯಮವೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಮಾಡುವ ಶಾಲೆಗಳು ಊರೂರಲ್ಲಿ ಹುಟ್ಟಿಕೊಂಡವು. ಕಾಗದದಲ್ಲಿ ಕನ್ನಡ, ಕರಿಹಲಗೆಯ ಮೇಲೆ ಇಂಗ್ಲಿಷ್. ಇಲಾಖೆಗೆ ಇದು ಕಾಣದ್ದೇನಲ್ಲ. ಕಡೆಗೆ 2006ರಲ್ಲಿ ಸಚಿವ ಬಸವರಾಜ ಹೊರಟ್ಟಿಯವರ ಕಾಲಕ್ಕೆ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದಾಯಿತು. ಅಷ್ಟರಲ್ಲಿ 1994ರ ಆದೇಶದ ವ್ಯಾಜ್ಯ ನ್ಯಾಯಾಲಯದಲ್ಲಿತ್ತು. 2008ರಲ್ಲಿ ಹೈಕೋರ್ಟ್ ಖಾಸಗಿ ಅನುದಾನರಹಿತ ಶಾಲೆಗಳ ಪರ ನಿಂತಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮಾತೃಭಾಷೆಯನ್ನು ಸರ್ಕಾರ ಹೇರುವಂತಿಲ್ಲ ಎಂದಿತು.

ಸರ್ಕಾರ ಸೋತದ್ದು ಕೋರ್ಟಿನಲ್ಲಿ ಮಾತ್ರವಲ್ಲ. ಪಿಯುಸಿ ವಿಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಉಳಿದಿರುವಾಗ, ಮಗಳನ್ನು ಬೆಳಗ್ಗೆ ವ್ಯಾನು ಹತ್ತಿಸುವ ಅಪ್ಪನನ್ನು ದಡ್ಡ ಎನ್ನಲಾದೀತೇ? ಮೇಲಿನ ಬಾಗಿಲು ಬದಲಿಸದೆ ಕೆಳಗಿನ ಮೆಟ್ಟಿಲಿಗೆ ಮಾತ್ರ ಕಾವಲು ಹಾಕಿದ್ದು ನಮ್ಮ ನೀತಿಯ ದೋಷ.

ಮುಂದಿನದು ಚಿಕ್ಕ ಕಥೆ. ಸಾಹಿತಿಗಳ ವಿರೋಧದ ನಡುವೆಯೇ 2019ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆಯಿತು. 2024ರ ಬಜೆಟ್ ಇನ್ನೂ 2,000 ಶಾಲೆಗಳನ್ನು ದ್ವಿಭಾಷಾ ಮಾಧ್ಯಮವೆಂದಿತು. 2023ರಲ್ಲಿ ಶಾಲಾ ಶಿಕ್ಷಣ ಖಾತೆ ವಹಿಸಿಕೊಂಡ ಮಧು ಬಂಗಾರಪ್ಪ ಸೊರಬದ ಶಾಸಕರೇ.

ಈ ಶಾಲೆಗಳಿಗೆಂದು ಗಣಿತ, ವಿಜ್ಞಾನದ ದ್ವಿಭಾಷಾ ಪುಸ್ತಕಗಳು ಬಂದಿವೆ. ನಿಮ್ಮ ಮನೆಗೂ ಅಂಥದೊಂದು ಬಂದಿದ್ದರೆ, ಸಂಜೆ ಮಗುವಿನ ಜೊತೆ ಕೂತು ಕನ್ನಡದ ಪುಟವನ್ನೂ ಓದಿಸಿ.